ಜ್ವರ ಯಾರ ಜೊತೆ ಬಂತು

ಹೋದ ತಿಂಗಳು ತಂಗಿಯನ್ನು ಕರೆತರಲು ಹೊಸಪೇಟೆ ಸ್ಟೇಷನ್ನಿಗೆ ಹೋಗಿದ್ದೆ. ಅವಳ ರೈಲಿಗೆ ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ಹೌರಾ ಕಡೆಯಿಂದ ಬರುವ ಗಾಡಿ ಬಂದು ನಿಂತಿತು. ಜನರಲ್ ಬೋಗಿಯಿಂದ ಇಪ್ಪತ್ತು ಮೂವತ್ತು ಜನ ಇಳಿದರು. ಪ್ಲಾಸ್ಟಿಕ್ ಬಕೆಟ್ಟು, ಹಗ್ಗ ಬಿಗಿದ ಕಂಬಳಿ ಗಂಟು, ಪಾತ್ರೆ ತುಂಬಿದ ಚೀಲ. ನಾಟಿ ಕೆಲಸಕ್ಕೆ ಬಂದವರಿರಬೇಕು. ಅವರಲ್ಲೊಬ್ಬ ಆ ಬಿಸಿಲಲ್ಲೂ ಟವೆಲು ಹೊದ್ದುಕೊಂಡಿದ್ದ. ನಾನು ಅವನನ್ನೇ ನೋಡುತ್ತ ನಿಂತೆ. ನಡುಗುತ್ತಿದ್ದಾನೆಯೇ, ತುಟಿ ಒಣಗಿದೆಯೇ, ಕಣ್ಣು ಹಳದಿಯಾಗಿದೆಯೇ? ಅವನು ಟವೆಲು ತೆಗೆದು ಕೊಡವಿ, ಮುಖ ಒರೆಸಿಕೊಂಡು, ಜೊತೆಯವನು ಏನೋ ಅಂದದ್ದಕ್ಕೆ ನಕ್ಕು ಮುಂದೆ ಹೋದ. ನನಗೆ ನಾಚಿಕೆಯಾಯಿತು.

ಹೀಗೆ ನೋಡುವ ಚಾಳಿ ನನಗೆ ಮೊದಲಿನಿಂದ ಇರಲಿಲ್ಲ. ಕಂಪ್ಲಿ ತಾಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದಾಗ, ಒಂದೇ ಮಳೆಗಾಲದಲ್ಲಿ ಅಂಟಿಕೊಂಡಿತು. ಕೊರೊನಾ ಮುಗಿದು ಒಂದೆರಡು ವರ್ಷವಾಗಿತ್ತು. ಆ ಊರಿನ ಹೆಸರು ಬರೆಯುವುದಿಲ್ಲ. ಇದರಲ್ಲಿ ಬರುವ ಜನ ಇನ್ನೂ ಅಲ್ಲೇ ಇದ್ದಾರೆ. ವಿಜಯನಗರದ ಕಾಲದ ಕಾಲುವೆಯೊಂದು ಊರಿನ ಮಗ್ಗುಲಲ್ಲೇ ಹರಿಯುತ್ತದೆ. ಡ್ಯಾಮಿನ ದೊಡ್ಡ ಕಾಲುವೆಗಳು ಬೇಸಿಗೆಯಲ್ಲಿ ಒಣಗಿದರೂ ಈ ಹಳೆಯದರಲ್ಲಿ ವರ್ಷದ ಬಹುಪಾಲು ನೀರಿರುತ್ತದೆ. ಹಾಗಾಗಿ ಭತ್ತ, ಬಾಳೆ, ಕಬ್ಬು, ಜೊತೆಗೆ ಸೊಳ್ಳೆ.

ನಾನು ದಿನಾ ಬೆಳಿಗ್ಗೆ ಹೊಸಪೇಟೆಯಿಂದ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಿದ್ದೆ. ಆ ಊರಿನ ಆಶಾ ಕಾರ್ಯಕರ್ತೆ ಹುಲಿಗೆಮ್ಮ ಅಂತ, ನಲವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ತೀರಿಕೊಂಡಿದ್ದ. ಮಗ ಯಂಕೋಬ ಭತ್ತ ಕೊಯ್ಯುವ ಮಷಿನ್ನಿನ ಡ್ರೈವರು. ಎಲ್ಲಿ ಸುಗ್ಗಿಯೋ ಅಲ್ಲಿಗೆ ಮಷಿನ್ ಹತ್ತಿ ಹೋಗುವವನು. ಸೊಸೆ ಲಕ್ಷ್ಮಿ ಬಸುರಿಯಾಗಿದ್ದಳು. ಹುಲಿಗೆಮ್ಮ ಇಲ್ಲದಿದ್ದರೆ ನನಗೆ ಆ ಊರಲ್ಲಿ ಒಂದು ಮನೆಯ ಬಾಗಿಲೂ ತೆರೆಯುತ್ತಿರಲಿಲ್ಲ. ಮಧ್ಯಾಹ್ನ ನನ್ನ ಡಬ್ಬಿಯಲ್ಲಿ ಚಪಾತಿ ಕಂಡರೆ, "ಇದನ್ನ ತಿಂದು ರಕ್ತ ಹ್ಯಾಂಗ ಆಗ್ತೈತ್ರಿ ಮೇಡಂ" ಎಂದು ಬೈದು, ತನ್ನ ಮನೆಯ ರೊಟ್ಟಿ, ಪುಂಡಿ ಪಲ್ಯ ತಂದಿಡುತ್ತಿದ್ದಳು. ತನಗೇ ರಕ್ತ ಕಡಿಮೆಯಿತ್ತು. ನಾನು ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ಆಕೆ ಊರಿನ ಬಸುರಿಯರಿಗೆ ಹಂಚಿಬಿಡುತ್ತಿದ್ದಳೆಂದು ನನಗೆ ಗುಮಾನಿ.

ಜುಲೈ ತಿಂಗಳ ಮೊದಲ ವಾರ ಒಡಿಶಾದಿಂದ ನಾಟಿಯ ಗುಂಪು ಬಂತು. ಗಂಡಸರು ಹೆಂಗಸರು ಸೇರಿ ಹದಿನಾಲ್ಕು ಜನ. ಗೋವಿಂದಪ್ಪ ಎಂಬ ರೈತನ ಪಂಪ್‌ಸೆಟ್ ಶೆಡ್ಡಿನಲ್ಲಿ ಇಳಿದರು. ಅವರು ಬಂದ ಒಂಬತ್ತನೇ ದಿನ ಅದೇ ಗೋವಿಂದಪ್ಪ ಜ್ವರ ಹೊತ್ತು ನಮ್ಮಲ್ಲಿಗೆ ಬಂದರು. ಅವರ ಮನೆ ಹುಲಿಗೆಮ್ಮನ ಓಣಿಯಲ್ಲೇ. ಚಳಿ, ನಡುಕ, ಆಮೇಲೆ ಬೆವರು. ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಹರಡಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಡಿ ಇಟ್ಟೆ. ಕೆಂಪು ಕಣಗಳೊಳಗೆ ಸಣ್ಣ ಸಣ್ಣ ಉಂಗುರಗಳು. ಟ್ರೇನಿಂಗಿನಲ್ಲಿ ತೋರಿಸಿದ ಹಳೆಯ ಸ್ಲೈಡುಗಳನ್ನು ಬಿಟ್ಟರೆ ಅವನ್ನು ನಾನು ಕಂಡಿರಲಿಲ್ಲ. ಮಲೇರಿಯಾದಲ್ಲೇ ಕೆಟ್ಟದ್ದು, ಮೆದುಳಿಗೆ ಏರುವಂಥದ್ದು. ನಮ್ಮ ಭಾಗದಲ್ಲಿ ಇಲ್ಲವಾಗಿದೆ ಎಂದೇ ಎಲ್ಲರೂ ತಿಳಿದಿದ್ದೆವು. ಕಣ್ಣು ತೆಗೆದು, ಕಿಟಕಿಯಾಚೆ ನೋಡಿ, ಮತ್ತೆ ಕಣ್ಣಿಟ್ಟೆ. ಉಂಗುರಗಳು ಅಲ್ಲೇ ಇದ್ದವು.

ಗೋವಿಂದಪ್ಪನ ಅಣ್ಣ ಶೇಖರಪ್ಪ ಪಂಚಾಯ್ತಿ ಮೆಂಬರು. ಲ್ಯಾಬಿನ ಕಿಟಕಿಗೆ ಮುಖ ಕೊಟ್ಟು ನಿಂತಿದ್ದರು.

"ಏನ್ ಜ್ವರ್ರೀ ಮೇಡಂ?"

"ಮಲೇರಿಯಾರಿ. ಅದರಾಗ ಕೆಟ್ಟ ಜಾತಿದು. ನಮ್ ಕಡೆ ಇರಲೇ ಇಲ್ಲ. ಒಡಿಶಾ, ಛತ್ತೀಸಗಡ, ಆ ಕಡೆ ಜಾಸ್ತಿ."

ಇಷ್ಟೇ ನಾನು ಹೇಳಿದ್ದು. ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ, ಸುಳ್ಳೇನೂ ಅಲ್ಲ. ಆದರೆ ಶೇಖರಪ್ಪ ಅದರಲ್ಲಿ ಒಂದೇ ಪದವನ್ನು ಎತ್ತಿಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಚಹಾ ಅಂಗಡಿಯಲ್ಲಿ, ಹಾಲಿನ ಡೈರಿಯಲ್ಲಿ, ಬಸ್ ಸ್ಟಾಪಿನಲ್ಲಿ ಅದೇ ಮಾತು: ಒಡಿಶಾದವರು ಜ್ವರ ತಂದಾರ.

ಮರುದಿನ ಶೆಡ್ಡಿಗೆ ಹೋಗಿ ಹದಿನಾಲ್ಕೂ ಜನರ ರಕ್ತ ತೆಗೆದೆ. ಅವರಿಗೆ ಅಡುಗೆ ಮಾಡುತ್ತಿದ್ದವಳು ಸುಕಾಂತಿ, ಮೂವತ್ತರ ಹೆಂಗಸು. ಹಿಂದಿ ಬಲ್ಲವಳು ಆಕೆಯೊಬ್ಬಳೇ. ಹೊಸಪೇಟೆಯಲ್ಲಿ ಬೆಳೆದ ನನಗೂ ಮಾರ್ಕೆಟ್ಟಿನ ಹಿಂದಿ ಬರುತ್ತಿತ್ತು. ಒಬ್ಬೊಬ್ಬರನ್ನೇ ಕರೆದು ಕೈ ಹಿಡಿದು ಕೂರಿಸಿದಳು, ಕೊನೆಗೆ ತನ್ನ ಬೆರಳು ಕೊಟ್ಟು, "ಏನಾದರೂ ಇದ್ದರೆ ಮಾತ್ರೆ ಕೊಡ್ತೀರಲ್ಲ ದೀದಿ?" ಎಂದು ಕೇಳಿದಳು. ಕೊಡುತ್ತೇನೆ ಅಂದೆ. ಹದಿನಾಲ್ಕು ಸ್ಲೈಡುಗಳಲ್ಲೂ ಏನೂ ಇರಲಿಲ್ಲ.

ಅದನ್ನು ಊರಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. "ರಕ್ತದಾಗ ಕಾಣಲ್ಲ ಅಂದ್ರ ಒಳಗ ಕುಂತಿರ್ತೈತಿ" ಎಂದರು ಶೇಖರಪ್ಪ. ನಿಜ ಹೇಳಬೇಕೆಂದರೆ ನಾನೂ ಪೂರ್ತಿ ನಂಬಿರಲಿಲ್ಲ. ನಾನೇ ಸರಿಯಾಗಿ ನೋಡಿಲ್ಲವೇನೋ ಎಂದು ಆ ಹದಿನಾಲ್ಕನ್ನು ಎರಡು ಸಲ ನೋಡಿದೆ. ಊರವರ ಸ್ಲೈಡುಗಳನ್ನು ನಾನು ಎರಡು ಸಲ ನೋಡುತ್ತಿರಲಿಲ್ಲ.

ಆ ವಾರ ಅದೇ ಓಣಿಯಲ್ಲಿ ಇನ್ನೂ ಆರು ಜನ ಮಲಗಿದರು. ಊರವರು ಶೆಡ್ಡಿನ ಕರೆಂಟು ತೆಗೆಸಿದರು, ನೀರಿನ ಪೈಪು ಕಿತ್ತರು. ಒಂದು ಬೆಳಿಗ್ಗೆ ನಮ್ಮ ಬಸ್ಸು ಊರೊಳಗೆ ತಿರುಗುವಾಗ ಎದುರಿಗೆ ಟ್ರ್ಯಾಕ್ಟರ್ ಬಂತು. ಟ್ರಾಲಿಯಲ್ಲಿ ಬಕೆಟ್ಟುಗಳ ನಡುವೆ ಒಡಿಶಾದವರು ಕೂತಿದ್ದರು. ಬಸ್ಸಿನಲ್ಲಿದ್ದವರು ಒಬ್ಬೊಬ್ಬರಾಗಿ ಸೆರಗು, ಟವೆಲು ಮೂಗಿಗೆ ಒತ್ತಿಕೊಂಡರು, ಸೊಳ್ಳೆಯ ರೋಗ ಗಾಳಿಯಲ್ಲಿ ಬರುವ ಹಾಗೆ. ಸುಕಾಂತಿ ನನ್ನನ್ನು ನೋಡಿದಳು. ನಾನು ಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಅವರು ಬೌದ್ಧರಾಗಿದ್ದು ನಾನು ಹುಟ್ಟುವ ಮೊದಲು. ಅಜ್ಜಿಯ ಊರಿನ ಬಾವಿಯಲ್ಲಿ ನಮ್ಮವರು ನೀರು ಮುಟ್ಟುವಂತಿರಲಿಲ್ಲ. ಅಜ್ಜಿಯ ಕೊಡ ತಾಗಿದರೆ ಬಾವಿ ಕೆಡುತ್ತದೆಂದು ಜನ ನಂಬಿದ್ದರು. ಆ ಕಥೆ ಕೇಳುತ್ತಲೇ ನಾನು ಬೆಳೆದದ್ದು.

"ಅವರ್ನ ಯಾರು ಓಡಿಸಿದ್ರು?" ಅಪ್ಪ ಕೇಳಿದರು.

"ಊರವರು."

"ಊರವರಿಗೆ ಯಾರು ಹೇಳಿದ್ರು?"

ನಾನು ಡಬ್ಬಿ ತೊಳೆಯಲು ಎದ್ದೆ. ಅಪ್ಪ ಮತ್ತೆ ಕೇಳಲಿಲ್ಲ.

ಒಡಿಶಾದವರು ಹೋದ ಮೇಲೂ ಜ್ವರ ಹೋಗಲಿಲ್ಲ. ಆಗ ತಾಲೂಕಿನಿಂದ ಹಿರಿಯ ಆರೋಗ್ಯ ನಿರೀಕ್ಷಕ ನಾಗೇಶಪ್ಪ ಬಂದರು. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ. ಹಿಂದೆ ಈ ಭಾಗದಲ್ಲಿ ಮಲೇರಿಯಾ ಜೋರಾಗಿದ್ದಾಗ ಮನೆ ಮನೆಯ ಗೋಡೆಗೆ ಔಷಧಿ ಹೊಡೆಸಿದವರು. ಅವರು ಮೊದಲು ಕೇಳಿದ್ದು ಗೋವಿಂದಪ್ಪನಿಗೆ ಜ್ವರ ಯಾವತ್ತು ಶುರುವಾಯಿತು, ಗುಂಪು ಯಾವತ್ತು ಬಂತು ಎಂಬೆರಡೇ ಪ್ರಶ್ನೆ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ನನ್ನ ಮೇಜಿನ ಮೇಲೆ ಹರಡಿದರು.

"ನೋಡ್ರಿ ಸುಜಾತಾ. ರೋಗ ಇದ್ದಾಂವನ್ನ ಸೊಳ್ಳಿ ಕಡೀತು ಅಂತ ಹಿಡೀರಿ. ಅದರ ಹೊಟ್ಯಾಗ ಅದು ಬಲಿಯಾಕ ಹತ್ತು ಹನ್ನೆರಡು ದಿನ ಬೇಕು. ಆಮ್ಯಾಲೆ ಅದು ಇನ್ನೊಬ್ಬನ್ನ ಕಡೀಬೇಕು. ಅವನಿಗೆ ಜ್ವರ ಬರಾಕ ಮತ್ತ ಹತ್ತು ದಿನ. ಒಟ್ಟು ಎಷ್ಟಾತು?"

"ಮೂರು ವಾರ."

"ಇವ್ರು ಬಂದು ಒಂಬತ್ತೇ ದಿನಕ್ಕ ಗೋವಿಂದಪ್ಪ ಮಲಗ್ಯಾರ."

ನಾನು ಹಾಳೆಯನ್ನೇ ನೋಡಿದೆ. ಬೆರಳಲ್ಲಿ ಎಣಿಸಬಹುದಾದ ಲೆಕ್ಕ. ಪರೀಕ್ಷೆಗೆ ನಾನೇ ಓದಿ ಬರೆದಿದ್ದೆ. ಆ ಹದಿನಾಲ್ಕು ಜನರನ್ನು ಟ್ರಾಲಿಗೆ ಹತ್ತಿಸುವ ಮೊದಲು ನನ್ನನ್ನೂ ಸೇರಿಸಿ ಯಾರೂ ಆ ಲೆಕ್ಕ ಮಾಡಿರಲಿಲ್ಲ.

"ಹಂಗಂದ್ರ ಅವರಿಗಿಂತ ಮೊದ್ಲು ಯಾರೋ ತಂದಾರ," ನಾಗೇಶಪ್ಪ ಎಂದರು. "ಜೂನ್ ಮೊದಲನೇ ವಾರದಾಗ, ಇಲ್ಲಾ ಅದಕ್ಕೂ ಮುಂಚೆ. ಈ ಓಣ್ಯಾಗ. ಹೊರಗ ಹೋಗಿ ಬಂದವರ ಪಟ್ಟಿ ಮಾಡಬೇಕು. ಓಣಿ ಪೂರಾ ರಕ್ತ ತೆಗೀಬೇಕು."

ಅಂದಿನಿಂದ ನನಗೆ ಎಲ್ಲರ ಮೇಲೂ ಸಂಶಯ. ಅದಿರು ಲಾರಿಯಲ್ಲಿ ವಿಶಾಖಪಟ್ಟಣದವರೆಗೆ ಹೋಗಿ ಬರುವ ದುರುಗಪ್ಪ. ಕಾಶಿಗೆ ಹೋಗಿ ಬಂದ ಮೇಷ್ಟ್ರು ದಂಪತಿ. ಯಾರ ಜೊತೆ ಮಾತಾಡಿದರೂ ಈತ ಮೇ ತಿಂಗಳಲ್ಲಿ ಎಲ್ಲಿದ್ದ ಎಂದು ಒಳಗೊಳಗೇ ಕೇಳಿಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಪಕ್ಕದವರು ಸೀನಿದರೂ ಬೆಚ್ಚುತ್ತಿದ್ದೆ; ಸೀನಿಗೂ ಮಲೇರಿಯಾಕ್ಕೂ ಸಂಬಂಧವಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಬಸ್ಸಿನಲ್ಲಿರಲಿಲ್ಲ.

ಪಟ್ಟಿ ಮಾಡುವ ಕೆಲಸ, ರಕ್ತ ತೆಗೆಯುವ ಕೆಲಸ ಎರಡನ್ನೂ ಹುಲಿಗೆಮ್ಮನಿಗೇ ಕೊಟ್ಟೆವು. ಆಕೆ ಎರಡೇ ದಿನದಲ್ಲಿ ಓಣಿಯ ಸ್ಲೈಡುಗಳನ್ನೆಲ್ಲ ಪೆಟ್ಟಿಗೆಯಲ್ಲಿ ಜೋಡಿಸಿ ತಂದಳು. ಪಟ್ಟಿಯಲ್ಲಿ ಹೊರಗೆ ಹೋಗಿ ಬಂದವರ ಹೆಸರು ಐದಿದ್ದವು. ಯಂಕೋಬನ ಹೆಸರಿರಲಿಲ್ಲ.

"ಯಂಕೋಬ ಹೋಗಿರಲಿಲ್ಲೇನಕ್ಕ ಮಷಿನ್ ಮ್ಯಾಲೆ?" ಎಂದೆ.

"ಈ ಸಲ ಇಲ್ಲೇ ಗಂಗಾವತಿ, ಸಿಂಧನೂರು ಕಡೆ ಇದ್ದನ್ರಿ," ಎಂದಳು. ಹೇಳುವಾಗ ಪೆಟ್ಟಿಗೆಯ ಮುಚ್ಚಳ ಹಾಕುತ್ತಿದ್ದಳು.

ಮರುದಿನ ಒಂದೊಂದಾಗಿ ನೋಡುತ್ತಾ ಬಂದೆ. ಹುಲಿಗೆಮ್ಮನ ಮನೆಯ ಮೂರು ಸ್ಲೈಡುಗಳು ಒಂದರ ಹಿಂದೊಂದು ಇದ್ದವು: ಆಕೆಯದು, ಮಗನದು, ಸೊಸೆಯದು. ಮೂರರಲ್ಲೂ ರೋಗ ಇರಲಿಲ್ಲ. ಮುಂದಿನದಕ್ಕೆ ಕೈ ಹಾಕಿದವಳು ನಿಂತೆ. ಮೊದಲನೆಯದರಲ್ಲಿ ಕೆಂಪು ಕಣಗಳು ಸಣ್ಣವು, ನಡುವೆ ಬಣ್ಣವೇ ಇಲ್ಲದಷ್ಟು ಬಿಳಿಚಿದ್ದವು. ರಕ್ತ ಕಡಿಮೆಯಿರುವವರ ಲಕ್ಷಣ. ಸರಿ, ಹುಲಿಗೆಮ್ಮನದು ಹಾಗೇ ಇರಬೇಕು. ಎರಡನೆಯದರಲ್ಲೂ ಅವೇ ಬಿಳಿಚಿದ ಕಣಗಳು. ಮಷಿನ್ನಿನ ಚಕ್ರ ತಾನೇ ಎತ್ತಿ ಹಾಕುವ ಇಪ್ಪತ್ತೈದರ ಗಂಡುಮಗನ ರಕ್ತ ಹೀಗಿರುತ್ತದೆಯೇ? ತಾಯಿ ಮಗ, ಇದ್ದರೂ ಇರಬಹುದು. ಮೂರನೆಯದೂ ಹಾಗೇ. ಹೊಟ್ಟೆಯಲ್ಲಿ ಹುಳವಿದ್ದವರಿಗೆ ಹೆಚ್ಚುವ ಒಂದು ಬಗೆಯ ಬಿಳಿ ಕಣಗಳು ಮೂರರಲ್ಲೂ ಒಂದೇ ಸಮ ತುಂಬಿದ್ದವು. ಸೊಸೆ ಬೇರೆ ಊರಿನಿಂದ ಬಂದವಳು, ಬೇರೆ ಹೊಟ್ಟೆಯಲ್ಲಿ ಹುಟ್ಟಿದವಳು. ಮೂರೂ ಒಂದೇ ಮೈಯ ರಕ್ತ. ಮೂರೂ ಹುಲಿಗೆಮ್ಮನ ಬೆರಳಿನದು.

ಸಂಜೆ ಆಕೆಯ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಮೂರೂ ಗಾಜಿನ ಮೇಲಿದ್ದದ್ದು ಒಬ್ಬರ ರಕ್ತವೇ ಅಲ್ಲವೇ ಎಂದು ಕೇಳಿದೆ. ಸೊಪ್ಪಿನಿಂದ ಕೈ ತೆಗೆಯದೆ ನನ್ನನ್ನು ನೋಡಿದಳು.

"ನನ್ ಮ್ಯಾಲೆ ಸಂಶೇನ್ರಿ ಮೇಡಂ? ಹನ್ನೆರಡು ವರ್ಷ ಆತು ಈ ಕೆಲಸಕ್ಕ ಸೇರಿ. ಊರಿನ ಅರ್ಧ ಮಕ್ಕಳು ಹುಟ್ಟಾಗ ನಾ ಇದ್ದೀನಿ."

"ಸಂಶೆ ಅಲ್ಲಕ್ಕ. ಯಂಕೋಬನ್ನ ಕರೀರಿ, ಇನ್ನೊಮ್ಮೆ ತೆಗೆದುಬಿಡ್ತೀನಿ."

"ಮನ್ಯಾಗಿಲ್ಲ ಅವ." ಒಳಗಿನಿಂದ ಗಂಡಸಿನ ಕೆಮ್ಮು ಕೇಳಿಸಿತು. ಇಬ್ಬರೂ ಕೇಳಿಸಿಕೊಂಡೆವು. ಹುಲಿಗೆಮ್ಮ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು.

ಅಂದೇ ನಾಗೇಶಪ್ಪನವರಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಆಕೆಯ ರೊಟ್ಟಿ ತಿಂದಿದ್ದೆ. ಒಂದು ಸಲ ಬಾಯಿಬಿಟ್ಟು ಹದಿನಾಲ್ಕು ಜನರನ್ನು ಬೀದಿಗೆ ಹಾಕಿದ್ದೆ. ನಾಳೆ ತಾನೇ ಬಂದು ಹೇಳುತ್ತಾಳೆ ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ.

ಮೂರನೇ ದಿನ ಬೆಳಿಗ್ಗೆ ನಾನು ಬೀಗ ತೆಗೆಯುವಷ್ಟರಲ್ಲಿ ಹುಲಿಗೆಮ್ಮ ಓಡುತ್ತ ಬಂದಳು. ಹಿಂದೆ ಆಟೋದಲ್ಲಿ ಲಕ್ಷ್ಮಿ, ಯಂಕೋಬನ ತೋಳಿನ ಮೇಲೆ ತಲೆ ಒರಗಿಸಿಕೊಂಡು. ಏಳು ತಿಂಗಳ ಹೊಟ್ಟೆ. ಮೈ ಕಾದ ಹೆಂಚಿನ ಹಾಗಿತ್ತು. ಕರೆದರೆ ಓಗೊಡುತ್ತಿರಲಿಲ್ಲ.

"ನೋಡ್ರೀ ಮೇಡಂ, ಜಲ್ದಿ ನೋಡ್ರೀ," ಎಂದಳು ಹುಲಿಗೆಮ್ಮ.

ನೋಡಿದೆ. ಎಲ್ಲಿ ಕಣ್ಣಿಟ್ಟರೂ ಉಂಗುರ. ಡಾಕ್ಟರು ಅಲ್ಲೇ ಮೊದಲ ಇಂಜೆಕ್ಷನ್ ಕೊಟ್ಟು ಆಂಬುಲೆನ್ಸಿನಲ್ಲಿ ಬಳ್ಳಾರಿಗೆ ಕಳಿಸಿದರು. ಹುಲಿಗೆಮ್ಮ ಸೊಸೆಯ ಜೊತೆ ಹತ್ತಿದಳು. ಯಂಕೋಬ ಹತ್ತಲಿಲ್ಲ. ಆಂಬುಲೆನ್ಸ್ ತಿರುಗಿ ಮರೆಯಾದ ಮೇಲೆ ಲ್ಯಾಬಿನೊಳಗೆ ಬಂದು, ಸ್ಟೂಲಿನ ಮೇಲೆ ಕೂತು, ಎಡಗೈ ಚಾಚಿದ.

"ತಗೀರಿ ಮೇಡಂ."

ಅವನ ರಕ್ತದಲ್ಲಿ ಉಂಗುರಗಳಿರಲಿಲ್ಲ. ಅದೇ ಮಲೇರಿಯಾದ ಕುಡುಗೋಲಿನ ಆಕಾರದ ರೋಗಾಣುಗಳಿದ್ದವು, ಅಲ್ಲೊಂದು ಇಲ್ಲೊಂದು. ಅವು ಇದ್ದವನಿಗೆ ಜ್ವರ ಇರುವುದಿಲ್ಲ, ಎದ್ದು ಓಡಾಡಿಕೊಂಡಿರುತ್ತಾನೆ. ಸೊಳ್ಳೆ ಎತ್ತಿಕೊಂಡು ಹೋಗುವುದು ಅವನ್ನೇ.

ಅವನು ಹೇಳಿದ. ಬೇಸಿಗೆ ಭತ್ತದ ಕೊಯ್ಲಿಗೆ ಮಷಿನ್ ಜೊತೆ ಛತ್ತೀಸಗಡಕ್ಕೆ ಹೋಗಿದ್ದ. ಕಾಡಿನಂಚಿನ ಊರುಗಳು, ಮಲಗಲು ಮಷಿನ್ನಿನ ಕೆಳಗೇ ಜಾಗ. ಅಲ್ಲಿ ಜ್ವರ ಬಂತು. ಅಲ್ಲಿಯವರೊಬ್ಬರು ಮೂರು ದಿನದ ಮಾತ್ರೆ ಕೊಟ್ಟರು. ಎರಡು ದಿನ ನುಂಗಿದ, ಜ್ವರ ಬಿಟ್ಟಿತು, ಉಳಿದದ್ದು ಚೀಲದಲ್ಲೇ ಉಳಿಯಿತು. ಜೂನಿಗೆ ಊರಿಗೆ ಬಂದ. ಬಂದ ವಾರದಲ್ಲಿ ಇನ್ನೊಮ್ಮೆ ಮೈ ಬಿಸಿಯಾಗಿತ್ತು. ಅಮ್ಮ ಜ್ವರದ ಮಾತ್ರೆ ಕೊಟ್ಟು, ಯಾರಿಗೂ ಹೇಳಬೇಡ ಅಂದಿದ್ದಳು.

"ಯಾಕ?"

"ಕೊರೊನಾದಾಗ ನಾನ ಮೊದ್ಲು ಹೊರಗಿಂದ ಬಂದಾಂವ್ರಿ ಊರಿಗೆ. ಬಾಗಲಿಗೆ ಚೀಟಿ ಹಚ್ಚಿದ್ರು. ಓಣಿಗೆ ಅಡ್ಡ ಮುಳ್ಳು ಹಾಕಿದ್ರು. ಅಪ್ಪಗ ಎದಿ ನೋವು ಬಂದಾಗ ಆ ಮುಳ್ಳು ದಾಟಿ ಯಾರೂ ಬರಲಿಲ್ಲ." ಬೆರಳಿಗೆ ಒತ್ತಿದ ಹತ್ತಿಯನ್ನು ತಿರುಗಿಸಿ ನೋಡಿದ. "ಅವ್ವ ಅದನ್ನ ಮರೆತಿಲ್ರಿ."

ಹುಲಿಗೆಮ್ಮನ ಗಂಡ ತೀರಿದ್ದು ಗೊತ್ತಿತ್ತು. ಹೇಗೆ ತೀರಿದ್ದೆಂದು ನಾನು ಕೇಳಿರಲೇ ಇಲ್ಲ.

ಲಕ್ಷ್ಮಿ ಉಳಿದಳು. ಕೂಸು ಉಳಿಯಲಿಲ್ಲ.

ಆ ಸುದ್ದಿ ಬಂದ ದಿನವೇ ನಾಗೇಶಪ್ಪನವರ ಮುಂದೆ ಎಲ್ಲ ಹೇಳಿದೆ, ನಾನು ಸುಮ್ಮನಿದ್ದ ಎರಡು ದಿನದ್ದನ್ನೂ. ಬೈಯುತ್ತಾರೆಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಮೀಸೆ ತಿಕ್ಕಿಕೊಂಡು, "ಆ ಹದಿನಾಲ್ಕು ಮಂದಿ ಈಗ ಎಲ್ಲಿ ಅದಾರ?" ಎಂದು ಕೇಳಿದರು.

"ಅವರ ರಕ್ತದಾಗ ಏನೂ ಇರಲಿಲ್ಲಲ್ರೀ ಸರ್."

"ಆವಾಗ ಇರಲಿಲ್ಲ. ಯಂಕೋಬನ ಮನೀಗೂ ಆ ಶೆಡ್ಡಿಗೂ ನಡುವೆ ಒಂದು ಕಾಲುವಿ ಐತಿ ಅಷ್ಟ. ಇಲ್ಲಿ ಸೊಳ್ಳಿ ಅವರನ್ನ ಕಡೀದ ಬಿಟ್ಟಿರ್ತಾವೇನು? ಇಲ್ಲೇ ಹಚ್ಚಿ, ಇಲ್ಲಿಂದ ಓಡಿಸ್ಯಾರ."

ಗುಂಪನ್ನು ಕರೆತಂದಿದ್ದ ಮೇಸ್ತ್ರಿಯ ಫೋನ್ ಸ್ವಿಚ್ ಆಫ್. ಟ್ರ್ಯಾಕ್ಟರಿನವನು ಕಂಪ್ಲಿ ರೋಡಿನಲ್ಲಿ ಇಳಿಸಿ ಬಂದೆ ಅಂದ. ಅವರು ಕಮಲಾಪುರದ ಕಡೆ ಬಾಳೆತೋಟಕ್ಕೆ ಹೋದರೆಂದು ಯಾರೋ ಹೇಳಿದರು. ಇಲಾಖೆಯ ಜೀಪಿನಲ್ಲಿ ಹೊರಟೆವು. ಹಂಪಿಯ ತಿರುವಿನಲ್ಲಿ ಪ್ರವಾಸಿಗರ ಬಸ್ಸುಗಳು ಸಾಲುಗಟ್ಟಿದ್ದವು. ಎಲ್ಲೆಲ್ಲಿಯ ನಂಬರ್ ಪ್ಲೇಟುಗಳು, ಯಾವ್ಯಾವ ದೇಶದ ಮುಖಗಳು. "ಇವರ್ನ ಯಾರೂ ಎಲ್ಲಿಂದ ಬಂದ್ರಿ ಅಂತ ಹೆದರಿ ಕೇಳಂಗಿಲ್ಲ ನೋಡ್ರಿ," ಎಂದರು ನಾಗೇಶಪ್ಪ.

ತೋಟದ ಯಜಮಾನರು ನಮ್ಮನ್ನು ಕೂರಿಸಿ ಬಾಳೆಹಣ್ಣು ಕೊಟ್ಟರು. "ಎರಡು ದಿನ ಇದ್ರು ನೋಡ್ರಿ. ಛಲೋ ಕೆಲಸ ಮಾಡ್ತಿದ್ರು. ಕಂಪ್ಲಿ ಕಡೆಯಿಂದ ಫೋನ್ ಬಂತು, ಜ್ವರದ ಮಂದಿ, ಇಟ್ಕೋಬ್ಯಾಡ್ರಿ ಅಂತ. ನಮಗ್ಯಾಕ ಬೇಕು ಅಂತ ಕಳಿಸಿದೆ. ಸಂಡೂರಿನ ಕಡೆ ಹೋಗ್ಯಾರಂತ."

ಸಂಡೂರಿನಲ್ಲಿ ಮೂರು ದಿನ ಹುಡುಕಿದೆವು. ಮಳೆ ಹಿಡಿದುಕೊಂಡಿತ್ತು. ಗುಡ್ಡಗಳಿಂದ ಕೆಂಪು ನೀರು ರಸ್ತೆಯ ಮೇಲೇ ಹರಿಯುತ್ತಿತ್ತು. ಇಳಿಜಾರಿನ ಗುಂಡಿಗಳಲ್ಲಿ, ಹಳ್ಳದ ಮಡುಗಳಲ್ಲಿ ತಿಳಿನೀರು ನಿಂತಿರುವುದನ್ನು ನಾಗೇಶಪ್ಪ ಜೀಪಿನಿಂದಲೇ ತೋರಿಸುತ್ತಿದ್ದರು. "ಇಲ್ಲಿ ಒಂದು ಸಲ ಇಳೀತು ಅಂದ್ರ ತೆಗ್ಯಾಕ ನಮ್ ಕೈಲೆ ಆಗಂಗಿಲ್ಲ." ಮೂರನೇ ದಿನ ಊರ ಹೊರಗೆ ಕಟ್ಟುತ್ತಿದ್ದ ಗೋದಾಮಿನ ಹಿಂದೆ ತಗಡಿನ ಶೆಡ್ಡು, ಅದರ ಮುಂದೆ ನನಗೆ ಗುರುತಿದ್ದ ನೀಲಿ ಬಕೆಟ್ಟು ಕಂಡಿತು.

ಸುಕಾಂತಿ ಒಳಗೆ ಎರಡು ಗೋಣಿಚೀಲ ಹೊದ್ದು ಮಲಗಿದ್ದಳು. ಆರು ದಿನದಿಂದ ಜ್ವರವಂತೆ. ಮತ್ತೊಬ್ಬ ಗಂಡಸಿಗೆ ಅಂದು ಬೆಳಿಗ್ಗೆ ಚಳಿ ಶುರುವಾಗಿತ್ತು. ಆಸ್ಪತ್ರೆಗೆ ಯಾಕೆ ಹೋಗಲಿಲ್ಲವೆಂದು ಕೇಳಿದರೆ ಎಲ್ಲರೂ ಸುಕಾಂತಿಯ ಕಡೆ ನೋಡಿದರು. ನಾನು ಪೆಟ್ಟಿಗೆ ತೆಗೆದದ್ದನ್ನು ನೋಡಿ ಸುಕಾಂತಿ ಎದ್ದು ಕೂತು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಖೂನ್ ಲಿಯಾ. ಫಿರ್ ಭಗಾಯಾ," ಎಂದಳು. ರಕ್ತ ತಗೊಂಡಿರಿ, ಆಮೇಲೆ ಓಡಿಸಿದಿರಿ.

ಅವಳ ಮುಂದೆ ನೆಲದ ಮೇಲೆ ಕೂತೆ. ನನಗೆ ಬಂದ ಹಿಂದಿಯಲ್ಲಿ ಹೇಳಿದೆ: ನಿಮ್ಮ ರಕ್ತದಲ್ಲಿ ಆಗ ಏನೂ ಇರಲಿಲ್ಲ. ಜ್ವರ ನೀವು ತಂದದ್ದಲ್ಲ, ನಮ್ಮೂರಲ್ಲಿ ನಿಮಗೆ ಬಂದದ್ದು. ಮೊದಲು ಬಾಯಿಬಿಟ್ಟವಳು ನಾನೇ. ತಪ್ಪಾಯಿತು.

ಅವಳು ಬಹಳ ಹೊತ್ತು ನನ್ನನ್ನು ನೋಡಿದಳು. ನನ್ನ ಮಾತಿನ ಹಿಂದೆ ಇನ್ನೇನಿದೆ ಎಂದು ಹುಡುಕುತ್ತಿದ್ದಳು. ಅಷ್ಟು ದಿನ ನಾನು ಎಲ್ಲರನ್ನೂ ನೋಡುತ್ತಿದ್ದದ್ದು ಹಾಗೇ.

"ಇಲ್ಲಿ ಹೇಳಿದರೆ ಏನು ಬಂತು?" ಎಂದಳು. "ಅಲ್ಲಿ ಹೇಳು."

ಹೇಳುತ್ತೇನೆ ಅಂದೆ. ಆಗ ಒಂದು ಕೈ ಮುಂದೆ ಬಂತು.

ಹದಿನಾಲ್ಕರಲ್ಲಿ ಮೂವರಿಗೆ ಹತ್ತಿತ್ತು. ಮೂರೂ ದಿನದ ಮಾತ್ರೆಯನ್ನು ನಾಗೇಶಪ್ಪ ತಾವೇ ಎದುರು ನಿಂತು ನುಂಗಿಸಿದರು. ಸುತ್ತಲಿನ ಮನೆಗಳಿಗೆ ಔಷಧಿ ಹೊಡೆಸಿದರು. ಒಂದು ತಿಂಗಳು ವಾರಕ್ಕೊಮ್ಮೆ ಹೋಗಿ ಆ ಮನೆಗಳವರ ರಕ್ತ ನೋಡಿದೆ. ಸಂಡೂರಿನಲ್ಲಿ ಅದು ಬೇರೂರಲಿಲ್ಲ.

ಕೊಟ್ಟ ಮಾತಿನಂತೆ ಊರಲ್ಲಿ ಹೇಳುವ ದಿನವೂ ಬಂತು. ಆಗಸ್ಟ್ ಕೊನೆಗೆ ಪಂಚಾಯ್ತಿ ಕಟ್ಟಡದ ಮುಂದೆ ಸಭೆ ಸೇರಿಸಿದರು. ಸೊಳ್ಳೆಪರದೆ ಹಂಚುವುದಿತ್ತು, ಹಾಗಾಗಿ ಊರೇ ಬಂದಿತ್ತು. ಹುಲಿಗೆಮ್ಮ ಹೆಂಗಸರ ಹಿಂದೆ ಗೋಡೆಗೆ ಒರಗಿ ಕೂತಿದ್ದಳು. ಕೂಸು ಹೋದ ಮೇಲೆ ನನ್ನೊಡನೆ ಮಾತಾಡಿರಲಿಲ್ಲ.

ನಾನು ನಿಂತು ಮೂರು ವಾರದ ಲೆಕ್ಕ ಹೇಳಿದೆ. ಒಡಿಶಾದವರು ತಂದದ್ದಲ್ಲ, ಅವರಿಗೇ ಇಲ್ಲಿ ಹತ್ತಿತು ಎಂದೆ.

"ಹಂಗಾದ್ರ ಯಾರು ತಂದ್ರು?" ಶೇಖರಪ್ಪ ಕೇಳಿದರು.

"ಹೆಸರು ಹೇಳಾಕ ಬರಂಗಿಲ್ರಿ. ರೋಗಿ ಹೆಸರು ನಾವು ಹೊರಗ ಹೇಳಂಗಿಲ್ಲ."

"ಅಂದ್ರ ಊರಾಗಿನವರ ಅನ್ರಿ."

ಆ ಮಾತು ಬಿದ್ದದ್ದೇ ತಲೆಗಳು ತಿರುಗತೊಡಗಿದವು. ಒಬ್ಬರನ್ನೊಬ್ಬರು ನೋಡುವ ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನಿಂದ ಯಾರೋ, "ದುರುಗಪ್ಪ ಲಾರ್‍ಯಾಗ ಆ ಕಡೀಗ ಹೋಗ್ತಾನಲ್ಲ" ಎಂದರು. ಇನ್ನೊಬ್ಬರು ಹೌದೆಂದರು. ದುರುಗಪ್ಪ ಅಲ್ಲಿರಲಿಲ್ಲ, ಲಾರಿಯ ಮೇಲಿದ್ದ. ಅವನ ಹೆಂಡತಿ ಎದ್ದು ನಿಂತು, "ನಮ್ಮನ್ಯಾಗ ಯಾರಿಗೂ ಜ್ವರ ಬಂದಿಲ್ರಿ, ಆಣಿ ಮಾಡ್ತೀನಿ" ಎನ್ನುವಷ್ಟರಲ್ಲಿ ಪಕ್ಕದಲ್ಲಿದ್ದ ಹೆಂಗಸರು ಮೆಲ್ಲಗೆ ದೂರ ಸರಿದಿದ್ದರು. ದುರುಗಪ್ಪ ಅಲ್ಲ ಎಂದು ನಾನು ಕೂಗಿದೆ. ಗದ್ದಲದಲ್ಲಿ ಕೇಳಿಸಲಿಲ್ಲ.

ಆಗ ಹುಲಿಗೆಮ್ಮ ಎದ್ದಳು. ಗೋಡೆ ಹಿಡಿದುಕೊಂಡು ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಬಂದು, ದುರುಗಪ್ಪನ ಹೆಂಡತಿಯ ಪಕ್ಕ ನಿಂತಳು.

"ಅಕೀ ಗಂಡ ಅಲ್ಲ. ನನ್ ಮಗ," ಎಂದಳು. "ಅವಗ ಜ್ವರ ಇತ್ತು. ಮುಚ್ಚಿಟ್ಟಾಕಿ ನಾನು. ಮೂರು ಗಾಜಿಗೂ ನನ್ ರಕ್ತನ ಹಚ್ಚಿ ಕೊಟ್ಟೆ. ನೀವು ನನ್ ಬಾಗಲಿಗೆ ಮುಳ್ಳು ಹಾಕಿದ್ರಿ ಅಂತ ಹಂಗ ಮಾಡಿದೆ. ಈಗ ಹಾಕ್ರಿ ಬೇಕಂದ್ರ. ನನ್ ಮನ್ಯಾಗ ಇನ್ನ ಹೋಗಾಕ ಏನೂ ಉಳಿದಿಲ್ಲ."

ಶೇಖರಪ್ಪ ಕನ್ನಡಕ ತೆಗೆದು ಒರೆಸಿದರು. ಮೊದಲು ಅಲ್ಲಾಡಿದ್ದು ಗೋವಿಂದಪ್ಪ. ಎದ್ದು ಬಂದು, ಹಂಚಲು ತಂದಿದ್ದ ಪರದೆಗಳಲ್ಲಿ ಮೇಲಿನದೊಂದನ್ನು ಎತ್ತಿ ಹುಲಿಗೆಮ್ಮನ ಕೈಗಿಟ್ಟರು. "ಸೊಸೀಗೆ ಕಟ್ಟವ್ವ," ಎಂದಷ್ಟೇ ಹೇಳಿದರು. ಆಕೆ ಅದನ್ನು ತಗೊಂಡು ಮನೆಗೆ ಹೋದಳು.

ಎಲ್ಲ ಅಲ್ಲಿಗೆ ಸರಿಹೋಗಲಿಲ್ಲ. ಕೆಲವು ಮನೆಗಳು ಬಹಳ ದಿನ ಆಕೆಗೆ ಬಾಗಿಲು ತೆರೆಯಲಿಲ್ಲ. ಮೇಲಿನವರು ನೋಟಿಸು ಕೊಟ್ಟರು. ಆಕೆ ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟಳು, ಎಚ್ಚರಿಕೆ ಕೊಟ್ಟು ಉಳಿಸಿಕೊಂಡರು. ಅಕ್ಟೋಬರ್ ಹೊತ್ತಿಗೆ ಜ್ವರ ನಿಂತಿತು. ನನ್ನ ಜೊತೆ ಹುಲಿಗೆಮ್ಮ ಮತ್ತೆ ಮಾತು ಶುರುಮಾಡಿದ್ದು ದೀಪಾವಳಿಯ ಮೇಲೆ. ನಾನು ಆ ಎರಡು ದಿನ ಮೊದಲೇ ಹೇಳಿದ್ದರೆ ಕೂಸು ಉಳಿಯುತ್ತಿತ್ತೇ ಎಂದು ಆಕೆ ಒಮ್ಮೆಯೂ ಕೇಳಲಿಲ್ಲ.

ಮುಂದಿನ ವರ್ಷ ಜೂನಿನಲ್ಲಿ ಗೋವಿಂದಪ್ಪ ಲ್ಯಾಬಿಗೆ ಬಂದರು. ನಾಟಿಗೆ ಆಳು ಸಿಗುತ್ತಿರಲಿಲ್ಲ. ಆ ಗುಂಪು ನೆಟ್ಟ ಗದ್ದೆಯ ಸಾಲುಗಳನ್ನು ಹೊಗಳಿ, ಸಂಕೋಚದಿಂದ, "ಆ ಹೆಣ್ಮಗಳ ನಂಬರ್ ನಿಮ್ಮ ಹತ್ರ ಐತಂತಲ್ರಿ, ಒಂದು ಮಾತು ಕೇಳ್ರಿ" ಎಂದರು. ಅವರ ಮುಂದೆಯೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಸುಕಾಂತಿ ತನ್ನೂರಲ್ಲಿದ್ದಳು. ಮೈ ಹೇಗಿದೆ ಎಂದು ಕೇಳಿದೆ, ಚೆನ್ನಾಗಿದೆ ಎಂದಳು. ಅಲ್ಲಿ ಹೇಳಿದೆಯಾ ಎಂದು ಕೇಳಿದಳು. ಹೇಳಿದೆ, ಎಲ್ಲರ ಮುಂದೆ ಹೇಳಿದೆ ಎಂದೆ. ಗೋವಿಂದಪ್ಪ ಕರೆಯುತ್ತಿದ್ದಾರೆ, ಶೆಡ್ಡಿಗೆ ಹೊಸ ತಗಡು ಹಾಕಿಸಿದ್ದಾರೆ, ನಿಮ್ಮವರನ್ನು ಕರೆದುಕೊಂಡು ಬರುತ್ತೀಯಾ ಎಂದೆ.

ಆ ಕಡೆ ಅವಳು ಯಾರನ್ನೋ ಕೇಳಿದಳು. ಎರಡು ಮೂರು ದನಿಗಳು ಒಟ್ಟಿಗೆ ಮಾತಾಡಿದವು.

"ಉಸ್ ಗಾಂವ್ ಮೇ? ಆ ಊರಿಗೇ?" ಎಂದಳು ಆಮೇಲೆ. "ನಹೀ ದೀದಿ. ನಮ್ಮವರು ಹೆದರ್ತಾರೆ. ಆ ಊರಲ್ಲಿ ಮಲೇರಿಯಾ ಇದೆ."

ಗೋವಿಂದಪ್ಪನಿಗೆ ಹಿಂದಿ ಬರುತ್ತಿರಲಿಲ್ಲ. ಆದರೆ ಮಲೇರಿಯಾ ಎಂಬ ಪದ ಅರ್ಥವಾಯಿತು. ಎದ್ದು, ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು.